ಓತಿಲಿಯಾ ಮೇಡಂ ಹಾಕದ ರುಜು

ನಮ್ಮ ಊರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಓತಿಲಿಯಾ ಬಯೇಸಾ ಮೇಡಂ ಇಪ್ಪತ್ತನಾಲ್ಕು ವರ್ಷ ಶಿರಸ್ತೇದಾರರಾಗಿದ್ದರು. ನಾನು ಅದೇ ಕೋರ್ಟಿನ ಅಮೀನ. ಹೆಸರು ರೆಫೂಹಿಯೊ, ಎಲ್ಲರೂ ಕರೆಯುವುದು ಕೂಕೊ ಎಂದು. ಸಮನ್ಸು, ನೋಟಿಸು ಹಿಡಿದುಕೊಂಡು ಹಳೆಯ ಪಿಕಪ್ ಗಾಡಿಯಲ್ಲಿ ಅಕ್ರೋಟಿನಂಥ ಪೀಕನ್ ಕಾಯಿಯ ತೋಟಗಳ ದೂಳಿನಲ್ಲಿ ಅಲೆಯುವುದು ನನ್ನ ಕೆಲಸ. ಮೇಡಂಗೆ ಆದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅಷ್ಟು ವರ್ಷಗಳಲ್ಲಿ ಮೂವರು ಜಡ್ಜುಗಳು ಬಂದು ಹೋದರು. ತೀರ್ಪಿನ ಕೆಳಗೆ ಹೆಸರು ಅವರದು, ಕರಡು ಮೇಡಂ ಅವರದು. ಜಡ್ಜ್ ಆಗುವ ಪರೀಕ್ಷೆಗೆ ಅವರು ಎರಡು ಸಲ ಕೂತರು. ಮೊದಲ ಸಲ ಪಾಸಾದರೂ ಜಾಗ ಹೋದದ್ದು ಯಾವನೋ ದೊಡ್ಡವರ ಅಳಿಯನಿಗೆ. ಎರಡನೆಯ ಸಲ ನಮ್ಮ ಇಡೀ ಚಿವಾವಾ ರಾಜ್ಯಕ್ಕೆ ಮೊದಲಿಗರಾಗಿ ಬಂದರು. ಇನ್ನೇನು ನೇಮಕದ ಕಾಗದ ಬರಬೇಕು, ಅಷ್ಟರಲ್ಲಿ ಕಾನೂನೇ ಬದಲಾಯಿತು. ಇನ್ನು ಮುಂದೆ ಜಡ್ಜುಗಳನ್ನೂ ಜನರೇ ಓಟು ಹಾಕಿ ಆರಿಸುತ್ತಾರೆ, ಪರೀಕ್ಷೆಯ ಪಟ್ಟಿ ರದ್ದು ಎಂದರು.

ಆಗ ನಮ್ಮ ಜಡ್ಜ್ ಆಗಿದ್ದವರು ಎವಾರಿಸ್ತೊ ಸಾಹೇಬರು. "ಈ ವಯಸ್ಸಲ್ಲಿ ಸಂತೇಲಿ ನಿಂತ್ಕೊಂಡು ಕುಣೀಲೇನಮ್ಮ ನಾನು?" ಎಂದು ನಿವೃತ್ತಿ ಬರೆದುಕೊಟ್ಟು ಮನೆಗೆ ಹೋದರು. ಅದಾದ ಮೂರನೆಯ ದಿನ ಮೇಡಂ ಬಂದು, "ಕೂಕೊ, ನಾನು ನಿಲ್ತೀನಿ. ಭಾನುವಾರ ನಿಮ್ಮ ಗಾಡಿ ಬೇಕು" ಎಂದರು.

ಈ ಚುನಾವಣೆಯ ನಿಯಮದಲ್ಲಿ ಪೋಸ್ಟರ್ ಹಚ್ಚುವಂತಿಲ್ಲ, ಸಭೆಗೆ ಹಾಲ್ ಹಿಡಿಯುವಂತಿಲ್ಲ. ಸ್ವಂತ ಕಾಲು, ಸ್ವಂತ ಫೋನು, ಅಷ್ಟೇ. ಪಕ್ಕದ ಜಿಲ್ಲೆಯಲ್ಲಿ ಒಬ್ಬ ಅಭ್ಯರ್ಥಿ ಮೆಣಸಿನಕಾಯಿ ಹುರಿಯುತ್ತಾ, ತಾನೂ ಇಷ್ಟೇ ಖಾರದ ಜಡ್ಜು ಎಂದು ವಿಡಿಯೊ ಹಾಕಿ ಊರೂರಲ್ಲಿ ಹೆಸರಾದ. ನಾನೂ ಮೇಡಂ ಅವರನ್ನು ಕೋರ್ಟಿನ ಮೆಟ್ಟಿಲ ಮೇಲೆ ನಿಲ್ಲಿಸಿ ಫೋನ್ ಹಿಡಿದೆ.

"ಸ್ವಲ್ಪ ನಗಿ ಮೇಡಂ."

"ಯಾಕೆ?"

"ವಿಡಿಯೊಗೆ."

ಅವರು ನಗಲಿಲ್ಲ. "ನಾನು ಫೈಲನ್ನ ಕೊನೇ ಪುಟದ ತನಕ ಓದ್ತೀನಿ. ಓದಿದ ಮೇಲೆ ಬರೀತೀನಿ. ನಮಸ್ಕಾರ" ಎಂದರು. ಆ ವಿಡಿಯೊವನ್ನು ನಲವತ್ತೊಂದು ಸಲ ನೋಡಲಾಗಿತ್ತು. ಅದರಲ್ಲಿ ಹನ್ನೆರಡು ಸಲ ನೋಡಿದವನು ನಾನೇ.

ಭಾನುವಾರ ಪೂಜೆ ಬಿಡುವ ಹೊತ್ತಿಗೆ ಚರ್ಚಿನ ಮುಂದಿನ ಚೌಕದಲ್ಲಿ ನಿಲ್ಲುತ್ತಿದ್ದೆವು. ಬುರಿತೊ ಎಂಬ ರೊಟ್ಟಿಸುರುಳಿ ಮಾರುವವನು ಕೇಳಿದ, "ಗೆದ್ರೆ ನಮ್ಮ ಬೀದಿಗೆ ಟಾರ್ ಹಾಕಿಸ್ತೀರಾ ಮೇಡಂ?"

"ಜಡ್ಜ್ ಟಾರ್ ಹಾಕ್ಸಲ್ಲಪ್ಪ."

"ಮತ್ಯಾಕ್ರೀ ಓಟು ಕೇಳೋಕೆ ಬಂದಿದೀರಾ?"

ಸುತ್ತ ನಿಂತವರೆಲ್ಲ ನಕ್ಕರು. ಮೇಡಂ ಕೂಡ ನಕ್ಕರು. ಆದರೆ ತೋರ್ತಿಯಾ ರೊಟ್ಟಿ ಅಂಗಡಿಯ ಚಾಯೊ ನಗಲಿಲ್ಲ. ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದಳು.

"ನನ್ನ ಗುರುತು ಸಿಕ್ತಾ ಮೇಡಂ? ಮಗೂಗೆ ಜೀವನಾಂಶ ಕೊಡ್ಸಿ ಅಂತ ಆರು ವರ್ಷ ನಿಮ್ಮ ಕಿಟಕಿ ಮುಂದೆ ನಿಂತಿದ್ದೆ. ಒಂದು ದಿನಾನಾದ್ರೂ ತಲೆ ಎತ್ತಿ ನನ್ನ ಮುಖ ನೋಡಿದೀರಾ? ಆ ಮಗು ಈಗ ಗಡ್ಡ ಬೋಳಿಸ್ಕೊಳ್ತಾನೆ. ಈಗ ಓಟು ಬೇಕಾಗಿದ್ದಕ್ಕೆ ನಾನು ಕಾಣಿಸ್ದೆ."

ಮಾರನೆಯ ದಿನ ಮೇಡಂ ದಾಖಲೆ ಕೋಣೆಗೆ ಹೋಗಿ ಚಾಯೊಳ ಫೈಲು ಹುಡುಕಿ ತೆಗೆದರು. ಓದಿ ಮುಗಿಸಿ ನನ್ನನ್ನು ಕರೆದರು. ಗಂಡನಿಗೆ ಕಳಿಸಿದ್ದ ನೋಟಿಸು ಐದು ಸಲ ವಾಪಸಾಗಿತ್ತು. ಐದು ಸಲವೂ 'ಮನೆಯಲ್ಲಿ ಯಾರೂ ಇರಲಿಲ್ಲ' ಎಂಬ ಷರಾ. ಕೈಬರಹ ನನ್ನದು.

"ಐದು ಸಲಾನೂ ಹೋಗಿದ್ರಾ ಕೂಕೊ?"

ನಾನು ನೆಲ ನೋಡಿದೆ. ಆ ಮನೆ ಇದ್ದದ್ದು ಹಳ್ಳದಾಚೆ. ಬಿಸಿಲಿನ ದಿನಗಳಲ್ಲಿ ಗಾಡಿಯಲ್ಲೇ ಕೂತು ಷರಾ ಬರೆದು ಬಂದದ್ದುಂಟು. "ಎರಡು ಸಲ ಹೋಗಿದ್ದೆ ಮೇಡಂ" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನೂ ಷರಾ ನೋಡಿ ಪುಟ ತಿರುವಿ ಹಾಕ್ದೆ. ಇಬ್ರೂ ಸೇರೇ ಮಾಡಿದ್ದು" ಎಂದು ಫೈಲು ಕಟ್ಟಿದರು. ಜನ ಕೋರ್ಟಿನ ಮೇಲೆ ಯಾಕೆ ರೇಗಿದ್ದಾರೆ ಎಂದು ಆವತ್ತು ನನಗೆ ಸರಿಯಾಗಿ ಗೊತ್ತಾಯಿತು. ಆದರೆ ಆ ಸಿಟ್ಟನ್ನು ಯಾರು ಹೇಗೆ ಬಳಸಿಕೊಂಡರು ಎನ್ನುವುದು ಬೇರೆಯ ಮಾತು.

ಎದುರಾಳಿ ಉಲಿಸೆಸ್ ಓರ್ನೆಲಾಸ್ ಎಂಬ ವಕೀಲ. ಆಳುವ ಪಕ್ಷದ ಸಭೆಗಳಲ್ಲಿ ಮೈಕು ಹಿಡಿಯುತ್ತಿದ್ದವನು. ಕೌಟುಂಬಿಕ ಕೋರ್ಟಿನ ಬಾಗಿಲನ್ನು ಅವನು ದಾಟಿದ್ದು ಒಂದೇ ಸಲ, ತನ್ನದೇ ವಿಚ್ಛೇದನಕ್ಕೆ. ಅವನು ಚೌಕದಲ್ಲಿ ನಿಲ್ಲಲೂ ಇಲ್ಲ, ವಿಡಿಯೊ ಹಾಕಲೂ ಇಲ್ಲ. ಮೇ ತಿಂಗಳ ಕೊನೆಯ ವಾರ ಊರ ತುಂಬ ಚೀಟಿಗಳು ಹರಿದಾಡಿದವು. ಪರೀಕ್ಷೆಯಲ್ಲಿ ನಕಲು ಹೊಡೆಯಲು ಮಕ್ಕಳು ಮಡಿಚಿಟ್ಟುಕೊಳ್ಳುತ್ತಾರಲ್ಲ, ಅದೇ ಥರದ ಚೀಟಿ. ಯಾವ ಬಣ್ಣದ ಮತಪತ್ರದಲ್ಲಿ ಯಾವ ಅಭ್ಯರ್ಥಿಯ ನಂಬರು ಬರೆಯಬೇಕು ಎಂಬ ಪಟ್ಟಿ. ಹೆಸರಿಲ್ಲ, ಬರೀ ನಂಬರು. ಹಂಚಿದ್ದು ರಾಮಿರೊ ಬುಸ್ತಿಯೋಸ್‌ನ ಲಾರಿಗಳಲ್ಲಿ ಬಂದ ಜನ. ಪೀಕನ್ ಕಾಯಿ ಸುಲಿದು ಪ್ಯಾಕ್ ಮಾಡುವ ದೊಡ್ಡ ಶೆಡ್ಡು ಅವನದು. ಊರಿನ ಅರ್ಧ ಹೆಂಗಸರಿಗೆ ಅಲ್ಲೇ ಕೆಲಸ.

ಜೂನ್ ಒಂದರಂದು ಓಟು ಹಾಕಿ ಬಂದ ಮೇಲೆ ಮೇಡಂ ನನ್ನನ್ನು ಊಟಕ್ಕೆ ಕರೆದಿದ್ದರು. ಅವರ ಅಕ್ಕ ನಿನ್ಫಾ ಕೆಂಪು ಮೆಣಸಿನ ಸಾರಿನಲ್ಲಿ ಹಂದಿಮಾಂಸ ಬೇಯಿಸಿ, ಗೋಧಿ ತೋರ್ತಿಯಾ ಸುಟ್ಟಿದ್ದರು. ಮದುವೆಯಾಗದ ಅಕ್ಕತಂಗಿ ಇಬ್ಬರೇ ಆ ಮನೆಯಲ್ಲಿ. ಕರವಸ್ತ್ರಕ್ಕೆಂದು ನಿನ್ಫಾ ಚೀಲಕ್ಕೆ ಕೈ ಹಾಕಿದಾಗ ಮಡಿಚಿದ ಚೀಟಿ ಮೇಜಿನ ಮೇಲೆ ಬಿತ್ತು.

"ಇದೇನಕ್ಕ?"

"ಚೀಟಿ ಕಣೇ. ಎಲ್ಲರಿಗೂ ಕೊಟ್ರಲ್ಲ."

"ಇದನ್ನ ನೋಡ್ಕೊಂಡು ಬರೆದ್ಯಾ?"

ನಿನ್ಫಾ ಅವರ ಮುಖ ಸಣ್ಣದಾಯಿತು. "ನಿನ್ನ ಹೆಸರು ಹುಡುಕ್ದೆ ಓತೀ, ನಿನ್ನಾಣೆಗೂ ಹುಡುಕ್ದೆ. ಎಲ್ಲಾ ಕೋರ್ಟಿಗೂ ಸೇರಿ ಹತ್ತು ಹನ್ನೆರಡು ಮತಪತ್ರ, ಒಂದೊಂದ್ರಲ್ಲೂ ರಾಶಿ ಹೆಸರು, ಇರುವೆ ಥರ ಅಕ್ಷರ. ಹಿಂದಿನೋರು ಬೇಗ ಮುಗ್ಸಮ್ಮ ಅಂತಿದ್ರು. ಕನ್ನಡಕ ಬೇರೆ ಮನೇಲಿತ್ತು. ಎಲ್ಲಾನೂ ಚೀಟೀಲಿ ಇದ್ದಂಗೇ ಬರೆದು ಹಾಕ್ದೆ. ಅದ್ರಲ್ಲಿ ನೀನೂ ಇರ್ತೀಯ ಅಂದ್ಕೊಂಡೆ."

ಮೇಡಂ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. "ನೋಡಿ ಕೂಕೊ, ನನ್ನ ಸ್ವಂತ ಅಕ್ಕನಿಗೇ ನಾನು ಸಿಗ್ಲಿಲ್ಲ" ಎಂದು ನಕ್ಕರು. ಆ ನಗುವನ್ನು ನೋಡಲಾಗಲಿಲ್ಲ.

ಉಲಿಸೆಸ್ ಗೆದ್ದ. ಊರಿನಲ್ಲಿ ಓಟು ಹಾಕಿದವರು ನೂರಕ್ಕೆ ಇಪ್ಪತ್ತು ಜನವೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಅವನು ಬಂದು ಕುರ್ಚಿಯಲ್ಲಿ ಕೂತ. ಕೆಟ್ಟ ಮಾತಿನ ಮನುಷ್ಯನಲ್ಲ. ಸೋಮವಾರ ಎಲ್ಲರಿಗೂ ಸಿಹಿ ಬ್ರೆಡ್ಡು ತರುತ್ತಿದ್ದ, ಎಲ್ಲರ ಮನೆಯವರನ್ನೂ ವಿಚಾರಿಸುತ್ತಿದ್ದ. ಕೆಲಸ ಮಾತ್ರ ಒಂದೂ ಬಾರದು. "ಮೇಡಂ, ನೀವು ಬರೆದಿಡಿ, ನಾನು ರುಜು ಮಾಡ್ತೀನಿ" ಎನ್ನುತ್ತಿದ್ದ. ಮೇಡಂ ಬರೆದಿಡುತ್ತಿದ್ದರು. ಜನರ ಕೆಲಸ ನಿಲ್ಲಬಾರದಲ್ಲ ಎನ್ನುತ್ತಿದ್ದರು.

ಅಕ್ಟೋಬರಿನಲ್ಲಿ ಯಾದೀರಾಳ ಪ್ರಕರಣ ಬಂತು. ಅವಳು ರಾಮಿರೊ ಬುಸ್ತಿಯೋಸ್‌ನ ಹೆಂಡತಿ. ಅವನ ಹೊಡೆತ ತಾಳದೆ ಮನೆ ಬಿಟ್ಟವಳು. ಒಂಬತ್ತು ಮತ್ತು ಆರು ವರ್ಷದ ಇಬ್ಬರು ಹೆಣ್ಣುಮಕ್ಕಳನ್ನು ಅವನು ಕಳಿಸದೆ ಇಟ್ಟುಕೊಂಡಿದ್ದ. ಮಕ್ಕಳು ಯಾರ ಹತ್ತಿರ ಇರಬೇಕು ಎಂದು ತೀರ್ಮಾನಿಸುವ ಮೊದಲು ಜಡ್ಜು ಮಕ್ಕಳ ಮಾತನ್ನು ತಾನೇ ಕೇಳಬೇಕು, ಅದು ಕಾನೂನು. ವಿಚಾರಣೆಯ ದಿನ ಹನ್ನೊಂದು ಗಂಟೆಗೆ ಮಕ್ಕಳು ಬಂದು ಬೆಂಚಿನ ಮೇಲೆ ಕೂತವು. ಉಲಿಸೆಸ್ ಇರಲಿಲ್ಲ. ಪುರಸಭೆಯ ಹೊಸ ಆಟದ ಮೈದಾನದ ಉದ್ಘಾಟನೆಗೆ ಹೋಗಿದ್ದ. ಒಂದು ಗಂಟೆಯವರೆಗೆ ಕಾದು ಮಕ್ಕಳು ಹೋದವು. ಹೋಗುವಾಗ ಚಿಕ್ಕವಳು ಮೇಡಂ ಅವರನ್ನು ಕೇಳಿದಳು, "ನಮ್ಮನ್ನ ಏನೂ ಕೇಳಲ್ವಾ?"

ವಾರದ ಮೇಲೆ ಉಲಿಸೆಸ್ ತಾನೇ ಒಂದು ಆದೇಶ ತಂದು ಮೇಡಂ ಮೇಜಿನ ಮೇಲಿಟ್ಟ. ಮಕ್ಕಳು ತಂದೆಯ ಬಳಿಯೇ ಇರತಕ್ಕದ್ದು ಎಂದಿತ್ತು. ಮೇಲೆ, 'ಮಕ್ಕಳ ಹೇಳಿಕೆಯನ್ನು ನ್ಯಾಯಾಧೀಶರು ಖುದ್ದಾಗಿ ಆಲಿಸಿ' ಎಂದಿತ್ತು. ನಮ್ಮಲ್ಲಿ ಜಡ್ಜಿನ ರುಜುವಿನ ಕೆಳಗೆ, ಇದು ನನ್ನ ಕಣ್ಣೆದುರು ನಡೆದಿದೆ ಎಂದು ಶಿರಸ್ತೇದಾರರ ರುಜು ಬೀಳದೆ ಯಾವ ಆದೇಶವೂ ಊರ್ಜಿತವಲ್ಲ.

ಮೇಡಂ ಎರಡು ಸಲ ಓದಿದರು. "ಇದಕ್ಕೆ ನಾನು ರುಜು ಹಾಕಲ್ಲ ಸರ್."

"ಯಾಕೆ ಮೇಡಂ?"

"ಮಕ್ಕಳ ಮಾತು ನೀವು ಕೇಳಿಲ್ಲ. ನಡೀದೇ ಇದ್ದದ್ದನ್ನ ನಡೀತು ಅಂತ ನಾನು ಬರೆಯಲ್ಲ."

"ಅದೊಂದು ಸಾಲು ಮೇಡಂ. ಎಲ್ಲಾ ಆದೇಶದಲ್ಲೂ ಇರುತ್ತೆ."

"ಆ ಸಾಲಲ್ಲಿ ಎರಡು ಮಕ್ಕಳಿದಾರೆ."

ಅವನು ಹೋಗಿ ಮೇಡಂ ಕೋಣೆಯ ಬಾಗಿಲು ಮುಂದಕ್ಕೆ ಹಾಕಿದ. ಹೊರಗೆ ನಮಗೆಲ್ಲ ಕೇಳುತ್ತಲೇ ಇತ್ತು. "ನೋಡಿ, ನನ್ನನ್ನ ಜನ ಆರಿಸಿ ಕಳಿಸಿದಾರೆ. ನಿಮ್ಮನ್ನ ಯಾರು ಆರಿಸಿದಾರೆ?"

"ಯಾರೂ ಇಲ್ಲ" ಎಂದರು ಮೇಡಂ. ಅವರ ಧ್ವನಿ ಅಷ್ಟು ಏರಿದ್ದನ್ನು ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಕೇಳಿರಲಿಲ್ಲ. "ನನಗೆ ಯಾರ ಹಂಗೂ ಇಲ್ಲ. ನಿಮಗೆ ಲಾರಿ ಕೊಟ್ಟೋನ ಹಂಗಿದೆ. ಜನ ಆರಿಸಿದ್ರು ಅಂತೀರಲ್ಲ, ನಮ್ಮಕ್ಕನ್ನ ಕೇಳಿ. ನಿಮ್ಮ ನಂಬರು ಬರೆದ್ಲು, ನಿಮ್ಮ ಹೆಸರೇನು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ."

ಆಮೇಲೆ ತಮ್ಮ ಜಾಗದಲ್ಲಿ ಕೂತು ಮಕ್ಕಳು ಬಂದಿದ್ದ ಆ ದಿನದ ನಡವಳಿ ಬರೆದರು. ಮಕ್ಕಳು ಹನ್ನೊಂದಕ್ಕೆ ಹಾಜರು, ಒಂದಕ್ಕೆ ವಾಪಸು, ನ್ಯಾಯಾಧೀಶರು ಗೈರುಹಾಜರು, ಹೇಳಿಕೆ ಆಗಿಲ್ಲ. ಅದಕ್ಕೆ ದಪ್ಪಗೆ ರುಜು ಹಾಕಿ, ಒಂದು ಪ್ರತಿ ಚಿವಾವಾದ ಮೇಲಿನ ಕೋರ್ಟಿಗೆ, ಒಂದೊಂದು ಎರಡೂ ಕಡೆಯವರಿಗೆ ಎಂದು ನನ್ನ ಕೈಗೆ ಕೊಟ್ಟರು.

ಗಾಡಿ ಹತ್ತುವಷ್ಟರಲ್ಲಿ ಉಲಿಸೆಸ್ ಹೊರಗೆ ಬಂದ. ನನ್ನ ಹೆಗಲ ಮೇಲೆ ಕೈಯಿಟ್ಟ. "ಕೂಕೊ, ಆ ಹೆಣ್ಣುಮಗಳಿಗೆ ಕೊಡೋ ಕಾಗದಕ್ಕೆ ಅವಸರ ಇಲ್ಲ. 'ಮನೇಲಿ ಯಾರೂ ಇರಲಿಲ್ಲ' ಅಂತ ಬರ್ಕೊಂಡು ಬನ್ನಿ. ನಿಮಗೆ ರೂಢಿ ಇದೆಯಂತಲ್ಲ."

ಕಪಾಳಕ್ಕೆ ಹೊಡೆದಂತಾಯಿತು. ಸುಳ್ಳಾಗಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಾನು ಗಾಡಿ ಹೊರಡಿಸಿದೆ. ಯಾದೀರಾ ಬಾಡಿಗೆಗಿದ್ದ ಕೋಣೆಗೆ ಬೀಗ. ಅವಳ ಚಿಕ್ಕಮ್ಮನ ಮನೆಗೆ ಹೋದೆ, ಅಲ್ಲಿಲ್ಲ. ಮಧ್ಯಾಹ್ನ ಶಾಲೆಯ ಗೇಟಿನ ಬಳಿ ಸಿಕ್ಕಳು. ಮಕ್ಕಳು ಹೊರಗೆ ಬರುವುದನ್ನು ದೂರದಿಂದ ನೋಡಲು ದಿನಾ ಬಂದು ನಿಲ್ಲುತ್ತಾಳಂತೆ. ನನ್ನನ್ನು ಕಂಡದ್ದೇ ಹೆದರಿ ಹಿಂದಕ್ಕೆ ಸರಿದಳು.

"ಕೆಟ್ಟ ಸುದ್ದಿ ಅಲ್ಲಮ್ಮ. ರುಜು ಹಾಕಿ ತಗೊಳ್ಳಿ. ಇವತ್ತೇ ನಿಮ್ಮ ವಕೀಲರಿಗೆ ತೋರ್ಸಿ."

ಅವಳು ಗೋಡೆಗೆ ಕಾಗದ ಒತ್ತಿ ಹಿಡಿದು ನಿಧಾನವಾಗಿ ಇಡೀ ಹೆಸರು ಬರೆದಳು.

ಮೇಡಂ ರುಜುವಿಲ್ಲದೆಯೇ ಉಲಿಸೆಸ್ ಹೊರಡಿಸಿದ್ದ ಆದೇಶವನ್ನು ಮೇಲಿನ ಕೋರ್ಟು ಡಿಸೆಂಬರಿನಲ್ಲಿ ತಳ್ಳಿಹಾಕಿತು. ವಿಚಾರಣೆ ಬೇರೆ ಊರಿನ ಜಡ್ಜಿಗೆ ಹೋಯಿತು. ಆಕೆ ಮಕ್ಕಳನ್ನು ಎದುರು ಕೂರಿಸಿಕೊಂಡು ಎರಡು ಗಂಟೆ ಮಾತಾಡಿಸಿದರಂತೆ. ಈಗ ಹುಡುಗಿಯರು ತಾಯಿಯ ಹತ್ತಿರ ಇದ್ದಾರೆ. ಆಕೆಯೂ ಓಟಿನಿಂದಲೇ ಗೆದ್ದವರು ಎಂಬುದನ್ನೂ ಹೇಳಬೇಕು. ಒಳ್ಳೆಯವರು ಸಿಕ್ಕರು. ಸಿಗದಿದ್ದರೆ?

ಉಲಿಸೆಸ್‌ಗೆ ಏನೂ ಆಗಲಿಲ್ಲ. ಶಿಸ್ತು ಮಂಡಳಿ ಅವನಿಗೆ ಎಚ್ಚರಿಕೆಯ ಪತ್ರ ಬರೆಯಿತು. ಅದೇ ಮಂಡಳಿ, ಮೇಲಧಿಕಾರಿಗೆ ಅವಿಧೇಯತೆ ತೋರಿದರು ಎಂದು ಮೇಡಂ ಅವರನ್ನು ಬೆಟ್ಟದ ಮೇಲಿನ ಕೋರ್ಟಿಗೆ, ಬಸ್ಸಿನಲ್ಲಿ ಏಳು ಗಂಟೆಯ ದಾರಿಗೆ, ವರ್ಗ ಮಾಡಿತು. ಜನವರಿಯ ಚಳಿಯಲ್ಲಿ ಅಕ್ಕತಂಗಿ ಇಬ್ಬರೂ ಹೊರಟರು. ಸಾಮಾನನ್ನು ನಾನೇ ಬಸ್ ನಿಲ್ದಾಣಕ್ಕೆ ತಂದೆ.

"ಮುಂದಿನ ಸಲ ನಿಲ್ತೀರಾ ಮೇಡಂ?" ಎಂದು ಕೇಳಿದೆ.

"ಪರೀಕ್ಷೆ ಇಡ್ಲಿ, ನಾಳೇನೇ ಕೂತು ಬರೀತೀನಿ" ಎಂದರು. "ಚೀಟಿ ಹಂಚೋರ ಮುಂದೆ ನಿಲ್ಲೋಕೆ ನನ್ನ ಕೈಲಿ ಆಗಲ್ಲ. ಇದು ನನ್ನ ಸೋಲಲ್ಲ ಕೂಕೊ. ಆದ್ರೂ ಬಸ್ ಹತ್ತೋಳು ನಾನೇ, ನೋಡಿ."

ಬಸ್ಸು ಹೊರಟ ಮೇಲೆ ಕೋರ್ಟಿಗೆ ವಾಪಸಾದೆ. ಉಲಿಸೆಸ್‌ನ ಬಾಗಿಲಿಗೆ ಪೇಂಟರ್ ಹೊಸ ಫಲಕ ಹಾಕುತ್ತಿದ್ದ. 'ಜನರಿಂದ ಚುನಾಯಿತ ನ್ಯಾಯಾಧೀಶರು' ಎಂದು ಬಂಗಾರದ ಬಣ್ಣದಲ್ಲಿ ಬರೆದಿತ್ತು. ಅದರ ಕೆಳಗಿನ ಬೆಂಚಿನಲ್ಲಿ ಎಂಟು ಹೆಂಗಸರು ಬೆಳಗ್ಗೆಯಿಂದ ಕಾದು ಕೂತಿದ್ದರು. ಸಾಹೇಬರು ಇನ್ನೂ ಬಂದಿರಲಿಲ್ಲ.