ಅಡ್ಡಬಾಯಿ

ಆ ಹುಡುಗಿಯನ್ನು ನನ್ನ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದ ದಿನ ಅವಳ ತಾಯಿ ಫೋನಿನ ಪರದೆಯ ಮೇಲೆ ಬಂದು ಕೈ ಮುಗಿದಿದ್ದಳು. ಮಗಳನ್ನು ನಿಮ್ಮ ಕೈಗೆ ಒಪ್ಪಿಸಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಮೊದಲೇ ಬಾಯಿ ಜಾಸ್ತಿ. "ನೀವು ಚಿಂತಿ ಬಿಡ್ರಿ, ಆನೆಗೊಂದ್ಯಾಗ ನನ್ನ ಮಗಳಂಗ ಇರ್ತಾಳ" ಎಂದುಬಿಟ್ಟೆ. ಆ ಮಾತು ನೆನಪಾದಾಗಲೆಲ್ಲ ನನ್ನ ನಾಲಿಗೆಗೆ ನಾನೇ ಬರೆ ಎಳೆದುಕೊಳ್ಳಬೇಕು ಅನ್ನಿಸುತ್ತದೆ.

ನಾನು ಮಹೇಶ್ವರಿ. ಊರಿನಲ್ಲಿ ಬಾಳೆನಾರಿನ ಕೇಂದ್ರ ನಡೆಸುತ್ತೇನೆ. ಗೊನೆ ಕಡಿದ ಮೇಲೆ ಬಿಸಾಡುವ ಬಾಳೆದಿಂಡನ್ನು ಸೀಳಿ, ನಾರು ತೆಗೆದು, ಒಣಗಿಸಿ, ಹೊಸೆದು ಬುಟ್ಟಿ, ಚಾಪೆ ಹೆಣೆಯುವುದು ನಮ್ಮ ಕೆಲಸ. ಹನ್ನೆರಡು ಹೆಂಗಸರು ಇದ್ದೇವೆ. ಈ ಹುಡುಗಿ ಅದನ್ನು ಕಲಿಯಲು ಬಂದಿದ್ದಳು. ಅವಳ ಕಾಲೇಜಿನವರು ನಾಲ್ಕು ತಿಂಗಳು ಎಲ್ಲಾದರೂ ಹೋಗಿ ಒಂದು ಕೈಕೆಲಸ ಕಲಿತು ಬರೆದುಕೊಂಡು ಬನ್ನಿ ಎಂದಿದ್ದರಂತೆ. ಹೆಸರು ವೆನ್-ಯೀ. ಇಪ್ಪತ್ತು ವರ್ಷ. ಬರುವ ಮೊದಲೇ ಒಂದು ವರ್ಷ ಕನ್ನಡ ಕಲಿತಿದ್ದಳು. ಹುಟ್ಟಿದ್ದು ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ, ಅಪ್ಪ ಅಮ್ಮ ತೈವಾನಿನವರು. ಇದನ್ನು ಊರಿಗೆ ತಿಳಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಕೆಲವರಿಗೆ ಅವಳು ನೇಪಾಳದವಳು, ಕೆಲವರಿಗೆ ಮುಂಡಗೋಡದ ಟಿಬೆಟಿನವಳು. ನಮ್ಮ ಕೇಂದ್ರದ ಹಿರಿಯಳು ಗಾಳೆಮ್ಮನಿಗೆ ಆ ಹೆಸರು ಹೊರಳಲೇ ಇಲ್ಲ. "ಬೆಣ್ಣಿ ಅಂತೀನವಾ, ಮಾರಿ ನೋಡಿದ್ರೂ ಹಂಗ ಐತಿ" ಎಂದಳು. ಅಂದಿನಿಂದ ಅವಳು ಇಡೀ ಊರಿಗೆ ಬೆಣ್ಣಿ.

ಒಳ್ಳೆಯ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕೆಲಸಕ್ಕೆ ಹೊರಟರೆ ನಾಲ್ಕು ಕಡೆ ನಿಲ್ಲುವ ಜೀವ. ನಾರು ಬಾಚುತ್ತ ಕುಳಿತವಳು ಗೋಡೆಯ ಮೇಲೆ ಇರುವೆ ಸಾಲು ಕಂಡರೆ ಎದ್ದು ಅದರ ಹಿಂದೆ ಹೋಗುತ್ತಿದ್ದಳು. ನಾಯಿಮರಿ ಕಂಡರಂತೂ ಮುಗಿಯಿತು. ಕಿವಿಯಲ್ಲಿ ಸದಾ ಆ ಸಣ್ಣ ಬಿಳಿ ಗುಂಡಿಗಳು, ಕೈಯಲ್ಲಿ ಫೋನು. ಊಟಕ್ಕೆ ಒಂದಕ್ಕೆ ಬಾ ಎಂದರೆ ಮೂರಕ್ಕೆ ಬಂದು ನಗುತ್ತ ನಿಲ್ಲುವಳು. "ನಿನಗ ಹೊತ್ತುಗೊತ್ತು ಏನಾರ ಐತೇನು?" ಎಂದು ನಾನು ಬೈದರೆ ಆ ಮಾತನ್ನೂ ಪುಸ್ತಕದಲ್ಲಿ ಬರೆದುಕೊಳ್ಳುವಳು. ಸಿಟ್ಟು ಮಾಡಿಕೊಳ್ಳುವುದು ಹೇಗೆ?

ಬಂದ ಎರಡನೆಯ ವಾರ ಒಂದು ಪ್ರಸಂಗ ನಡೆಯಿತು. ಗಾಳೆಮ್ಮನ ಗಂಡ ಪಕೀರಪ್ಪ, ಊರಿನ ಬಾಲಪ್ಪನಂತೆ, ಹೊಳೆಯಲ್ಲಿ ಹರಗೋಲು ಹಾಕುವವನು. ಬೆಳಿಗ್ಗೆ ಹುಟ್ಟು ಹೆಗಲಿಗೇರಿಸಿಕೊಂಡು ನಮ್ಮ ಬಾಗಿಲ ಮುಂದೆ ಹೊರಟಿದ್ದ. ಬೆಣ್ಣಿ ನಮ್ಮೂರ ಧಾಟಿಯಲ್ಲಿ ಹೊಸದಾಗಿ ಕಲಿತ ಮಾತನ್ನು ಖುಷಿಯಿಂದ ಕೂಗಿದಳು: "ಎಲ್ಲಿಗೆ ಹೊಂಟೀರಿ?" ಪಕೀರಪ್ಪ ನಿಂತುಬಿಟ್ಟ. ತಿರುಗಿ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತ, ನೀರು ಕೇಳಿ ಕುಡಿದ, ಮತ್ತೆ ಎದ್ದು ಹೋದ. ಹುಡುಗಿಯ ಮುಖ ಸಣ್ಣದಾಯಿತು.

"ಹೊಂಟವರಿಗೆ ಅಡ್ಡಬಾಯಿ ಹಾಕಬಾರದವಾ," ಗಾಳೆಮ್ಮ ಅವಳನ್ನು ಪಕ್ಕಕ್ಕೆ ಕರೆದು ಹೇಳಿದಳು. "ಎಲ್ಲಿಗೆ ಅಂತ ಕೇಳಿದ್ರ ಹೋದ ಕೆಲಸ ಕೆಡತೈತಿ. ಹೊಳಿಗೆ ಹೋಗವ್ರಿಗಂತೂ ಕೇಳಬಾರದು. ಕೇಳಿದ್ರ ಅವ್ರು ವಾಪಸ್ ಬಂದು ಕುಂತು, ನೀರು ಕುಡದ ಹೋಗಬೇಕು."

"ಕೇಳದಿದ್ರ, ಯಾರು ಎಲ್ಲದಾರ ಅಂತ ಹೆಂಗ ಗೊತ್ತಾಗ್ತದ?" ಎಂದಳು ಬೆಣ್ಣಿ.

ನಾವೆಲ್ಲ ನಕ್ಕೆವು. "ಇಷ್ಟ ಊರಾಗ ಯಾರಾರ ನೋಡಿರ್ತಾರ ಬಿಡು!" ಎಂದೆ ನಾನು. ಅವಳು ಅಂದಿನಿಂದ ಯಾರನ್ನೂ ಕೇಳಲಿಲ್ಲ. ತಾನು ಎಲ್ಲಿಗೆ ಹೋಗುತ್ತೇನೆಂದು ಮೊದಲು ನನಗೆ ಹೇಳಿ ಹೋಗುತ್ತಿದ್ದವಳು ಅದನ್ನೂ ಬಿಟ್ಟಳು. ನಮ್ಮ ಪದ್ಧತಿ ಕಲಿತಳಲ್ಲ ಎಂದು ನಾನು ನಾಲ್ಕು ಜನರ ಮುಂದೆ ಹೊಗಳಿದ್ದೆ.

ಶ್ರಾವಣ ಹತ್ತಿದ ಮೇಲೆ ತೈವಾನಿನಿಂದ ಅವಳ ಅಜ್ಜಿಯ ಫೋನು ಹೆಚ್ಚಾಯಿತು. ಅವರ ಕಡೆ ಈ ತಿಂಗಳು ಸತ್ತವರು ತಿರುಗಾಡುವ ತಿಂಗಳಂತೆ. ನೀರಿನ ಹತ್ತಿರ ಹೋಗಬಾರದು, ಸಿಳ್ಳು ಹಾಕಬಾರದು. ನೀರಿನಲ್ಲಿ ಸತ್ತವರು ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ಎಳೆದುಕೊಂಡು ಬಿಡುಗಡೆಯಾಗುತ್ತಾರಂತೆ. ಬೆಣ್ಣಿ ಇದನ್ನು ನಗುನಗುತ್ತ ಹೇಳಿದಳು. ಗಾಳೆಮ್ಮ ನಗಲಿಲ್ಲ. "ಹಿರ್ಯಾರು ಸುಮ್ನ ಹೇಳಂಗಿಲ್ಲ" ಎಂದು ನಾರಿನ ಗಂಟು ಬಿಡಿಸುತ್ತ ಕುಳಿತಳು. ನಾನು ಆ ಮಾತನ್ನು ಕೆಲಸದಲ್ಲಿ ಮರೆತೆ.

ಆ ಸೋಮವಾರ ಬಿಸಿಲು ಚೆನ್ನಾಗಿತ್ತು. ನಮ್ಮಲ್ಲಿ ವಾರದಿಂದ ಒಂದು ಹನಿ ಬಿದ್ದಿರಲಿಲ್ಲ. ಮಲೆನಾಡಿನ ಕಡೆ ಸುರಿಯುತ್ತಿದೆ, ಡ್ಯಾಮು ತುಂಬಿದೆ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ಒಂಬತ್ತೂವರೆಗೆ ಬೆಣ್ಣಿ ಚೀಲ ಹಾಕಿಕೊಂಡು, ಕಿವಿಗೆ ಗುಂಡಿ ತುರುಕಿಕೊಂಡು ಹೊರಟಳು. ಅರ್ಧ ಹೆಣೆದ ಚಾಪೆ ಹಾಗೇ ಬಿದ್ದಿತ್ತು. ಎಲ್ಲಿಗೆ ಎಂಬ ಮಾತು ಗಂಟಲವರೆಗೂ ಬಂತು, ನುಂಗಿಕೊಂಡೆ. ಹಾಳಾಗಿ ಹೋಗಲಿ ಎಂದು ಮನಸ್ಸಿನಲ್ಲೇ ಬೈದು ನಾರು ಬಾಚತೊಡಗಿದೆ.

ಹನ್ನೊಂದಕ್ಕೆ ಮೈಕಿನ ಆಟೋ ಬಂತು. ನದಿಗೆ ನೀರು ಬಿಡಲಾಗಿದೆ, ಯಾರೂ ಹೊಳೆಗೆ ಇಳಿಯಬಾರದು. ವರ್ಷವರ್ಷ ಕೇಳುವ ಮಾತು, ಯಾರೂ ತಲೆ ಎತ್ತಲಿಲ್ಲ. ಗಾಳೆಮ್ಮ ಎತ್ತಿದಳು.

"ಮಹೇಶ್ವರಿ, ಬೆಣ್ಣಿ ಎಲ್ಲದಾಳ?"

ಫೋನು ಮಾಡಿದೆ. ರಿಂಗಾಯಿತು, ರಿಂಗಾಯಿತು, ನಿಂತಿತು. ಮತ್ತೆ ಮಾಡಿದೆ. ಆಮೇಲೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ. ಚಹಾದಂಗಡಿಯ ಉಮಾಪತಿ, "ನಾಯಿಮರಿ ಹಿಂದ ಹೋದ್ಲ್ರಿ ಅಕ್ಕಾ, ಕ್ವಾಟಿ ಬಾಗಲ ಕಡೆ" ಎಂದ. ಕೋಟೆ ಬಾಗಿಲ ಹತ್ತಿರ ಮೆಹಬೂಬಬೀಯ ಕಿರಾಣಿ. "ಬಂದಿದ್ಲು, ಮರಿಗೆ ಬಿಸ್ಕೀಟ್ ಹಾಕಿದ್ಲು. ನನ್ನ ಕೋಳಿಪಿಳ್ಳಿ ನೋಡಕೋತ ಅರ್ಧ ತಾಸು ಕುಂತ್ಲು. ಆಮ್ಯಾಲೆ ದೊಡ್ಡದೊಂದು ಓತಿಕ್ಯಾತ ಕಂಡಿತು ನೋಡು, ಫೋಟೋ ಹೊಡೀತೀನಿ ಅಂತ ಅದರ ಬೆನ್ನ ಹತ್ತಿ ಹೊಳಿ ಬಂಡಿಗಲ್ಲಿನ ಕಡೆ ಇಳದ್ಲು."

"ಎಲ್ಲಿಗೆ ಅಂತ ಕೇಳಬಾರದೇನು?" ಚೀರಿದೆ.

"ಹೊಂಟ ಹುಡುಗಿ, ಹೆಂಗ ಕೇಳಲವಾ?" ಎಂದಳು ಮೆಹಬೂಬಬೀ. ನಾನು ಕೇಳಿದ್ದೆನೇ? ಉಮಾಪತಿ ಕೇಳಿದ್ದನೇ? ಇಡೀ ಊರು ಅವಳನ್ನು ನೋಡಿತ್ತು.

ಹೊಳೆಯ ಸದ್ದು ಊರ ಅಗಸೆಬಾಗಿಲು ದಾಟುವ ಮೊದಲೇ ಕೇಳಿಸಿತು. ಬೇಸಿಗೆಯಲ್ಲಿ ನಾವು ನಾರು ಒಣಹಾಕುವ ಬಂಡೆಗಳು ಹೊಳೆಯ ನಡುವಿವೆ. ನೀರು ಕಡಿಮೆ ಇದ್ದಾಗ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೋಗಬಹುದು. ಈಗ ಆ ಕಲ್ಲುಗಳಿದ್ದ ಕಡೆ ಕೆಂಪು ನೀರು ನುಗ್ಗುತ್ತಿತ್ತು. ನಡುವಿನ ದೊಡ್ಡ ಬಂಡೆಯ ಮೇಲೆ ಬೆಣ್ಣಿ ನಿಂತಿದ್ದಳು. ಕೂಗಿದರೆ ಕೇಳದು, ಕೈ ಬೀಸಿದರೆ ಕಾಣುತ್ತದೆ, ಅಷ್ಟು ದೂರ. ಅಯ್ಯೋ ಶಿವನೇ ಎಂದು ಎರಡೂ ಕೈ ಬೀಸಿದೆ.

ಈಗ ಅವಳೇ ಫೋನು ಮಾಡಿದಳು. "ಅಕ್ಕಾ, ಮಳಿ ಇಲ್ಲ. ನೀರು ಎಲ್ಲಿಂದ ಬಂತು? ನನಗ ಸಪ್ಪಳ ಕೇಳಲಿಲ್ಲ."

"ಅಂಜಬ್ಯಾಡ. ಮ್ಯಾಲೆ ಏರು, ತುದಿಗೆ ಹೋಗಿ ಕುಂದ್ರು. ಬೋಟು ಬರಾಕತ್ತೈತಿ." ಬೋಟು ಗಂಗಾವತಿಯ ಕಡೆಯಿಂದ ಬರಬೇಕಿತ್ತು. ದಂಡೆಯಲ್ಲಿದ್ದವರು ಫೋನು ಮಾಡಿದಾಗ ಒಂದೂವರೆ ತಾಸು ಹಿಡಿಯುತ್ತದೆ ಎಂದು ಪೊಲೀಸರು ಹೇಳಿದ್ದರು. ನಾವು ನೋಡುತ್ತಿದ್ದಂತೆಯೇ ದಂಡೆಯ ಕೊನೆಯ ಮೆಟ್ಟಿಲು ಮುಳುಗಿತು, ಆಮೇಲೆ ಅದರ ಮೇಲಿನದು.

ಅಷ್ಟರಲ್ಲಿ ಜನ ಸೇರಿದ್ದರು. ಪಕೀರಪ್ಪ ಹಣೆಗೆ ಕೈ ಹಚ್ಚಿ ನೀರು ನೋಡಿದ. "ಒಂದೂವರಿ ತಾಸಂದ್ರ ಆ ಬಂಡಿ ಇರಂಗಿಲ್ಲ" ಎಂದ. ತನ್ನ ಹರಗೋಲನ್ನು ಬೋರಲಾಗಿ ಬೆನ್ನ ಮೇಲೆ ಹೊತ್ತುಕೊಂಡ. ಹೊಳೆಯ ಮೇಲ್ಗಡೆ ದಂಡೆಯಲ್ಲಿರುವ ಮಂಟಪದ ಹತ್ತಿರ ನೀರಿಗಿಳಿಸಿದರೆ ಸೆಳವು ಬಂಡೆಯ ಕಡೆಗೇ ತರುತ್ತದೆ ಎಂದು ಅವನಿಗೆ ಗೊತ್ತು. ನಾಲ್ಕು ಹೆಜ್ಜೆ ಇಟ್ಟಿದ್ದ.

"ಎಲ್ಲಿಗೆ ಹೊಂಟಿ?"

ಕೇಳಿದವಳು ಗಾಳೆಮ್ಮ! ಜನ್ಮದಲ್ಲಿ ಯಾರಿಗೂ ಅಡ್ಡಬಾಯಿ ಹಾಕದವಳು, ಊರಿಗೆಲ್ಲ ಬುದ್ಧಿ ಹೇಳಿದವಳು, ಬೇಕೆಂದೇ ಕೇಳಿದಳು. ಪಕೀರಪ್ಪ ನಿಂತ. ಹರಗೋಲು ಇಳಿಸಿ ಕುಳಿತ. ಯಾರೋ ನೀರು ಕೊಟ್ಟರು, ಕುಡಿದ. ಮತ್ತೆ ಎದ್ದು ಹೊತ್ತುಕೊಂಡ.

"ಎಲ್ಲಿಗೆ ಹೊಂಟಿ ಅಂತ ಕೇಳಾಕತ್ತೀನಿ!"

ಮತ್ತೆ ಕುಳಿತ. ಗಂಡಸರು ಮುಖ ಆ ಕಡೆ ತಿರುಗಿಸಿದರು. ಯಾವ ಹೆಂಡತಿ ಕೇಳುತ್ತಿರಲಿಲ್ಲ? ಈಗ ನ್ಯಾಯವಾಗಿ ಹಾಗನ್ನುತ್ತೇನೆ. ಆಗ ಹಾಗನ್ನಿಸಲಿಲ್ಲ. ಕಿವಿಯಲ್ಲಿ ಆ ಹುಡುಗಿಯ ದನಿ: "ಅಕ್ಕಾ, ಪಕೀರಪ್ಪ ಕಾಕಾ ಯಾಕ ಕುಂತಾರ? ನನ್ನ ಕಾಲಿಗೆ ನೀರು ಬಂತು."

"ಬರ್ತಾನವಾ, ದಣಿವು ಆರಿಸಿಕೊಳ್ಳಾಕತ್ತಾನ" ಎಂದು ಸುಳ್ಳು ಹೇಳಿದೆ.

ಮೂರನೆಯ ಸಲ ಎದ್ದವನು ಹೆಂಡತಿಯ ಕಡೆ ನೋಡಲಿಲ್ಲ. ಹರಗೋಲು ಹೊತ್ತು ನಡೆದ. ಗಾಳೆಮ್ಮ ಬಾಯಿ ತೆರೆದಳು. ನಾನು ಫೋನು ಬಿಸಾಕಿ ಹಾರಿ ಅವಳ ಬಾಯಿಗೆ ಅಂಗೈ ಒತ್ತಿದೆ. ಇಬ್ಬರೂ ನೆಲಕ್ಕೆ ಬಿದ್ದೆವು. ಅವಳು ಒದ್ದಾಡಿದಳು, ಕಣ್ಣು ಹೊರಗೆ ಬಂದವು, ನನ್ನ ಅಂಗೈ ಕಚ್ಚಿದಳು. ರಕ್ತ ಬಂದರೂ ನಾನು ಬಿಡಲಿಲ್ಲ. ಬಿಟ್ಟರೆ ಕೇಳುತ್ತಾಳೆ, ಕೇಳಿದರೆ ಅವನು ಕೂರುತ್ತಾನೆ. ಪಕೀರಪ್ಪ ಮಂಟಪ ಮುಟ್ಟಿ ನೀರಿಗಿಳಿಯುವವರೆಗೂ ಹಿಡಿದಿದ್ದೆ.

ಹರಗೋಲು ಮೂರು ಸುತ್ತು ತಿರುಗಿತು. ಅವನು ಹುಟ್ಟು ಹಾಕುವುದನ್ನು ನೋಡಬೇಕಿತ್ತು ನೀವು! ಸೀದಾ ಬಂಡೆಯ ಮರೆಗೆ ತಂದು ನಿಲ್ಲಿಸಿದ. ಬೆಣ್ಣಿ ಜಾರಿ ಅದರೊಳಗೆ ಇಳಿದಳು. ಪ್ರವಾಸಿಗಳಿಗೆಂದು ಇಟ್ಟಿದ್ದ ಒಂದೇ ಒಂದು ಕೇಸರಿ ಜಾಕೀಟನ್ನು ಅವಳಿಗೆ ಹಾಕಿ ಕಟ್ಟಿದ. ದಂಡೆಯ ಮೇಲೆ ಜನ ಸಿಳ್ಳು ಹೊಡೆದು ಕುಣಿದರು. ಆಗ ಕೈ ತೆಗೆದೆ. ಗಾಳೆಮ್ಮ ನನ್ನನ್ನು ಬೈಯಲಿಲ್ಲ. ಎದ್ದು ಕೂಗುತ್ತ ಕೆಳಗಿನ ದಂಡೆಯುದ್ದಕ್ಕೂ ಓಡಿದಳು. ಆ ನೀರಿನ ಆರ್ಭಟದಲ್ಲಿ ಅವಳ ಕೂಗು ಯಾರಿಗೆ ಕೇಳಬೇಕು?

ಅರ್ಧ ಹೊಳೆ ದಾಟಿದ್ದರು. ಪಕೀರಪ್ಪ ಹುಟ್ಟು ಬಿಟ್ಟು ಎರಡೂ ಕೈಯಿಂದ ನೀರು ಮೊಗೆದು ಚೆಲ್ಲುವುದು ಕಂಡಿತು. ಹರಗೋಲು ಒಂದು ಮಗ್ಗುಲಿಗೆ ವಾಲಿತು. ಆಮೇಲೆ ನೀರಿನ ಮೇಲೆ ಕೇಸರಿ ಬಣ್ಣವೊಂದೇ ಉಳಿಯಿತು. ಉಮಾಪತಿ ಮತ್ತು ಮೂವರು ಬಾಳೆತೋಟದ ಕೆಳಗೆ ಜೊಂಡಿನಲ್ಲಿ ಸಿಕ್ಕಿದ್ದ ಹುಡುಗಿಯನ್ನು ಎಳೆದು ಹಾಕಿದರು. ಅವಳು ಬದುಕಿದ್ದಳು. ಪಕೀರಪ್ಪ ಮೂರನೆಯ ದಿನ ಕಂಪ್ಲಿ ಸೇತುವೆಯ ಹತ್ತಿರ ಸಿಕ್ಕ.

ಬೆಣ್ಣಿಯ ತಾಯಿ ಮತ್ತೆ ಪರದೆಯ ಮೇಲೆ ಬಂದು ಅತ್ತಳು, ನೀವು ನನ್ನ ಮಗಳನ್ನು ಉಳಿಸಿಕೊಟ್ಟಿರಿ ಎಂದಳು. ಹುಡುಗಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತೇ ಇದ್ದಳು. ಪಕ್ಕದಲ್ಲಿಟ್ಟ ನನ್ನ ಫೋನು ರಿಂಗಾದರೂ ತಿರುಗಿ ನೋಡುತ್ತಿರಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಗಾಳೆಮ್ಮ ಕೆಲಸಕ್ಕೆ ಬಂದಳು. ತನ್ನ ಜಾಗದಲ್ಲಿ ಕುಳಿತು ನಾರು ಬಾಚತೊಡಗಿದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ನಾನು ಅವಳ ಮುಂದೆ ಹೋಗಿ ಕುಳಿತೆ. ಅಳು ತಡೆಯಲಾಗಲಿಲ್ಲ.

"ಗಾಳವ್ವಾ, ನನ್ನ ಹೊಡಿ, ಉಗುಳು. ನೀ ಮೂರನೇ ಸಲ ಕೇಳಿದ್ರ ಅವ ಕುಂದ್ರತಿದ್ದ. ನಿನ್ನ ಬಾಯಿ ಮುಚ್ಚಿ ನಾನ ಕಳಿಸಿದೆ."

ಅವಳು ನಾರಿನಿಂದ ಕೈ ತೆಗೆಯಲಿಲ್ಲ.

"ಮೂರನೇ ಸಲ ನಾ ಕೇಳಾಕ ಬಾಯಿ ತೆಗದಿದ್ದಿಲ್ಲ, ಮಹೇಶ್ವರಿ. ಇನ್ನ ಇಂವ ನಿಲ್ಲಂಗಿಲ್ಲ ಅಂತ ಗೊತ್ತಾಗಿತ್ತು. ಹರಗೋಲಿನ ತಳ ಒಂದ ಕಡೆ ಡಾಂಬರು ಬಿಟ್ಟು ನೀರು ಒಳಗ ಬರೂವಂಗ ಆಗಿತ್ತು. ಮುಂಜಾನಿ ನಾ ಕಂಡಿದ್ದೆ, ಅವಗ ಗೊತ್ತಿದ್ದಿಲ್ಲ. ಅದು ಬ್ಯಾಡ, ಬಾಲಪ್ಪಂದು ಒಯ್ಯಿ ಅಂತ ಹೇಳಾಕ ತೆಗದಿದ್ದೆ."

ಬಾಲಪ್ಪನ ಹೊಸ ಹರಗೋಲು ಅಂದು ದಂಡೆಯ ಮೇಲೇ ಇತ್ತು. ನಾವು ಬಿದ್ದು ಹೊರಳಾಡಿದ್ದು ಅದರ ಪಕ್ಕದಲ್ಲೇ.