ನೀರು ಹೆಚ್ಚಿದೆ

ನಲ್ಲಿಯಲ್ಲಿ ನೀರು ಬಂದರೆ ದೇವರ ದಯೆ, ನಿಂತರೆ ಪ್ಲಂಬರನ ತಪ್ಪು. ಮೈಸೂರಿನಲ್ಲಿ ಇಷ್ಟು ವರ್ಷ ಪೈಪು ಕೂಡಿಸಿದ ಮೇಲೆ ನಾನು ಕಲಿತ ವೇದಾಂತ ಇಷ್ಟೇ. ಗಾರೆಯವನು ಗೋಡೆಯನ್ನು ಸೊಟ್ಟಗೆ ಕಟ್ಟಿದರೆ ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿ ಸುಮ್ಮನಾಗುತ್ತಾರೆ. ಬಡಗಿ ಮಾಡಿದ ಬಾಗಿಲು ಮುಚ್ಚದಿದ್ದರೆ ಮಳೆಗೆ ಮರ ಉಬ್ಬಿದೆ ಎಂದು ಮರವನ್ನು ಬೈಯುತ್ತಾರೆ. ಬಚ್ಚಲಲ್ಲಿ ಒಂದು ಹನಿ ತೊಟ್ಟಿಕ್ಕಿದರೆ ಮಾತ್ರ ನಾನಿನ್ನೂ ಮುಖ ತೊಳೆಯುವ ಮೊದಲೇ ಫೋನು ಬರುತ್ತದೆ.

ಕುಂಬಾರಕೊಪ್ಪಲಿನ ನಮ್ಮ ಮನೆ ಮುಂದೆ 'ಬೀರೇಶ್ ಪ್ಲಂಬಿಂಗ್ ಮತ್ತು ಸೋಲಾರ್ ವರ್ಕ್ಸ್' ಎಂದು ಬೋರ್ಡಿದೆ. ಅದನ್ನು ಓದಿದವರು ನನ್ನ ಕೈಕೆಳಗೆ ದೊಡ್ಡ ಪಡೆಯೇ ಇದೆ ಎಂದುಕೊಳ್ಳುತ್ತಾರೆ. ಇರುವುದು ನಾನು ಮತ್ತು ಸಣ್ಣಯ್ಯ, ಅಷ್ಟೇ. ಹೊಸಬರು ಯಾರೂ ಈ ಕೆಲಸಕ್ಕೆ ಬರುವುದಿಲ್ಲ. ಐ.ಟಿ.ಐ. ಓದಿದವರಿಗೆ ಎ.ಸಿ. ಕೆಲಸ ಬೇಕು, ಓದದವರಿಗೆ ಬೈಕಿನಲ್ಲಿ ಊಟ ಹಂಚುವ ಕೆಲಸ ಬೇಕು. ಪ್ಲಂಬರ್ ಅಂದರೆ ಹೆಣ್ಣು ಕೊಡುವವರೂ ಮೂಗು ಮುರಿಯುತ್ತಾರೆ. ಊರಿನವರಿಗೆಲ್ಲ ಬಚ್ಚಲು ಬೇಕು, ಬಚ್ಚಲಲ್ಲಿ ಕೈಯಾಡಿಸಿದ ಅಳಿಯ ಬೇಡ.

ಸಣ್ಣಯ್ಯ ನಮ್ಮಪ್ಪನ ಕಾಲದಿಂದ ನಮ್ಮ ಜೊತೆ ಇದ್ದವನು. ಸಂಬಂಧದಲ್ಲಿ ಏನೂ ಆಗಬೇಕಿಲ್ಲ, ನಾನು ಸಣ್ಣಣ್ಣ ಎನ್ನುತ್ತೇನೆ. ಈಚೆಗೆ ಅವನ ಮಂಡಿ ಮಾತು ಕೇಳುತ್ತಿರಲಿಲ್ಲ. ಕೂತರೆ ಏಳಲು ಗೋಡೆ ಹಿಡಿಯಬೇಕು. ಇದೇ ಹೊತ್ತಿಗೆ ರಿಂಗ್ ರೋಡಿನ ಯಾವುದೋ ಅಪಾರ್ಟ್‌ಮೆಂಟಿನವರು ಅವನಿಗೆ ವಾಚ್‌ಮನ್ ಕೆಲಸ ಕೊಡುತ್ತೇವೆ ಎಂದಿದ್ದರು. ನೆರಳು, ಕುರ್ಚಿ, ಯೂನಿಫಾರ್ಮು. ಮುಂದಿನ ವಾರ ನನಗೆ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರ ಬಿಸಿನೀರಿನ ಕೆಲಸ ಶುರುವಾಗಬೇಕಿತ್ತು. ಮೂರಂತಸ್ತಿನ ಕಟ್ಟಡ, ಮಾಳಿಗೆ ತುಂಬ ಸೋಲಾರ್. ಹಿಂದೆಂದೂ ಅಷ್ಟು ದೊಡ್ಡ ಕೆಲಸ ನನಗೆ ಸಿಕ್ಕಿರಲಿಲ್ಲ. ಸಣ್ಣಯ್ಯ ಇಲ್ಲದೆ ಅದನ್ನು ಒಪ್ಪಿಕೊಳ್ಳುವುದೂ ಒಂದೇ, ಕಣ್ಣು ಕಟ್ಟಿಕೊಂಡು ಬಾವಿಗೆ ಇಳಿಯುವುದೂ ಒಂದೇ. "ಗಿರಿಜಾಂಬಮ್ಮೋರ ಮನೆ ಗೃಹಪ್ರವೇಸ ಮುಗೀಲಿ, ಯೋಳ್ತೀನಿ" ಎಂದಿದ್ದ. ಆ ಗೃಹಪ್ರವೇಶ ಇವತ್ತೇ ಇತ್ತು. ಊಟದ ನಂತರ ಅವನನ್ನು ಪಕ್ಕಕ್ಕೆ ಕರೆದು, ಕೈ ಹಿಡಿದು ಕೇಳೋಣ ಎಂದುಕೊಂಡಿದ್ದೆ.

ಗಿರಿಜಾಂಬಾ ಅವರದು ಒಂಟಿಕೊಪ್ಪಲಿನಲ್ಲಿ ಮನೆ. ಇದ್ದ ಮನೆಯ ಮೇಲೆ ಮಗಳು ಸುಚಿತ್ರಾಗೆಂದು ಇನ್ನೊಂದು ಮನೆ ಕಟ್ಟಿಸಿದ್ದರು. ತಣ್ಣೀರು, ಬಿಸಿನೀರು ಎರಡು ಲೈನನ್ನೂ ಗೋಡೆಯೊಳಗೆ ಎಳೆದವನು ಸಣ್ಣಯ್ಯ. ಇಬ್ಬರೂ ಊಟಕ್ಕೆ ಬರಲೇಬೇಕು ಎಂದು ಆಯಮ್ಮ ಅರಿಶಿನ ಹಚ್ಚಿದ ಕಾಗದ ಕೊಟ್ಟು ಕರೆದಿದ್ದರು. ಪ್ಲಂಬರನಿಗೆ ಯಾರು ಕಾಗದ ಕೊಡುತ್ತಾರೆ? ನಮಗೆ ಅದೇ ದೊಡ್ಡ ಸಂಗತಿಯಾಗಿತ್ತು.

ಆದರೆ ಬೆಳಿಗ್ಗೆಯೇ ಲಷ್ಕರ್ ಮೊಹಲ್ಲಾದಿಂದ ಕರೆ ಬಂತು. ಅಂಗಡಿಯ ಹಿಂದಿನ ಹಳೇ ಮನೆ, ಬಚ್ಚಲ ನೀರು ಹೋಗದೆ ನಡುಮನೆಗೆ ಬರುತ್ತಿದೆಯಂತೆ. ಇದನ್ನು ಮುಗಿಸಿಕೊಂಡು ಊಟದ ಹೊತ್ತಿಗೆ ಒಂಟಿಕೊಪ್ಪಲು ಸೇರಬಹುದೆಂದು ಇಬ್ಬರೂ ಅಲ್ಲಿಗೆ ಹೋದೆವು. ಸಣ್ಣಯ್ಯ ಆ ಇಕ್ಕಟ್ಟು ಬಚ್ಚಲಲ್ಲಿ ಮಂಡಿಯೂರಿ, ಮೊಣಕೈವರೆಗೂ ಕೊಳೆಯಲ್ಲಿ ಕೈಹಾಕಿ ಕೂತಿದ್ದ. ಮನೆಯ ಯಜಮಾನ ಮೂಗಿಗೆ ಕರ್ಚೀಫು ಹಿಡಿದು, "ನೀವು ಪೌಡರ್ ಹಾಕಲ್ವಾ? ಫೋನಲ್ಲಿ ತೋರಿಸ್ತಾರಲ್ಲ" ಎಂದು ಬಾಗಿಲಲ್ಲೇ ನಿಂತು ಪಾಠ ಹೇಳುತ್ತಿದ್ದ. ನನಗೆ ಆಗಲೇ ತಲೆ ಬಿಸಿಯಾಗಿತ್ತು.

ಅಷ್ಟರಲ್ಲಿ ಗಿರಿಜಾಂಬಾ ಅವರ ಫೋನು. ಹಿಂದಿನಿಂದ ಓಲಗದ ಸದ್ದು, ಜನರ ಗದ್ದಲ.

"ಬೀರೇಶ್, ನೀರು ಹೆಚ್ಚಿದೆಯಪ್ಪಾ. ಬೇಗ ಬಾ."

"ಎಲ್ಲಮ್ಮಾ? ಬಚ್ಚಲಲ್ಲಾ?"

"ಬಚ್ಚಲು, ಅಡುಗೆಮನೆ, ಕೈ ತೊಳೆಯೋ ಜಾಗ, ಎಲ್ಲಾ ಕಡೆನೂ ಹೆಚ್ಚಿದೆ. ಎಲೆ ಹಾಕೋ ಹೊತ್ತು, ಏನು ಮಾಡ್ಲಿ ಹೇಳು."

ಎಲ್ಲಾ ಕಡೆ ಹೆಚ್ಚಿದೆ ಎಂದರೆ ಇನ್ನೇನು? ಗೋಡೆಯೊಳಗಿನ ಜಾಯಿಂಟು ಬಿಟ್ಟಿದೆ. ಹೊಸ ಟೈಲ್ಸು, ಹೊಸ ಬಣ್ಣ, ಮನೆ ತುಂಬ ನೆಂಟರು, ಅವರೆಲ್ಲರ ಕಾಲ ಕೆಳಗೆ ನನ್ನ ನೀರು. ಹಾಸ್ಟೆಲ್ ಕೆಲಸ ಕೊಡಿಸಿದ್ದೂ ಇದೇ ಆಯಮ್ಮನ ಪರಿಚಯದವರು.

"ಅಮ್ಮಾ, ಟ್ಯಾಂಕಿನ ಕೆಳಗೆ ದಪ್ಪ ವಾಲ್ವ್ ಐತಲ್ಲ, ಅದನ್ನ ಪೂರ್ತಿ ಮುಚ್ಚಿಸ್ಬುಡಿ. ಮೋಟರ್ ಹತ್ರ ಯಾರನ್ನೂ ಬುಡ್ಬೇಡಿ. ಯಾರೇ ಹಾಕ್ತೀನಿ ಅಂದ್ರೂ ಬುಡ್ಬೇಡಿ. ನಾನು ಬಂದ್ಬುಟ್ಟೆ!"

"ಮುಚ್ಚಿಸಬೇಕಾ?" ಎಂದು ಆಯಮ್ಮ ಒಂದು ಗಳಿಗೆ ಅನುಮಾನಿಸಿದರು. "ಸರಿಯಪ್ಪ, ನೀನು ಹೇಳಿದ ಮೇಲೆ ಸರಿಯೇ."

ಫೋನು ಇಟ್ಟವನೇ ಸಣ್ಣಯ್ಯನ ಮೇಲೆ ಬಿದ್ದೆ. ಆ ಕರ್ಚೀಫಿನವನು ನಿಂತಿದ್ದಾನೆ ಎಂಬುದನ್ನೂ ನೋಡಲಿಲ್ಲ.

"ಸಣ್ಣಣ್ಣ, ಒಂಟಿಕೊಪ್ಪಲ್ ಮನೇಲಿ ಜಾಯಿಂಟ್ ಬುಟ್ಕೊಂಡದಂತೆ. ಮನೆಯೆಲ್ಲಾ ನೀರಂತೆ. ಜಾಯಿಂಟಿಗೆ ಹಚ್ಚಿದ್ ಸೊಲ್ಯೂಷನ್ ಒಣಗೋಕೆ ಮುಂಚೆ ನೀರು ಬುಟ್ಯಾ?"

ಅವನು ಕೊಳೆಯಿಂದ ಕೈ ತೆಗೆದು ನನ್ನನ್ನು ನೋಡಿದ. "ಒಣಗಿದ್ ಮ್ಯಾಲೇ ಬುಟ್ಟಿದ್ದು ಕಣಪ್ಪ. ನೀರು ತುಂಬ್ಸಿ, ಒಂದು ರಾತ್ರಿ ಅಂಗೇ ಇಟ್ಟು ನೋಡಿದ್ದೆ."

"ನೋಡಿದ್ದೆ ನೋಡಿದ್ದೆ! ಮಂಡಿ ನೋವು ಅಂತ ಅರ್ಧಂಬರ್ಧ ಮಾಡಿ ಇಳ್ಕೊಂಬಂದ್ಬುಟ್ಟಿದ್ದೀಯ. ನಿಂಗೆಲ್ಲಿ ಜ್ಞಾನ? ಮನಸು ಆಗ್ಲೇ ವಾಚ್‌ಮನ್ ಕುರ್ಚಿ ಮೇಲೆ ಕೂತದೆ."

ಅವನು ಬಚ್ಚಲ ಕೆಲಸವನ್ನು ಅರ್ಧಕ್ಕೇ ಬಿಟ್ಟ. ಗೋಡೆ ಹಿಡಿದು ಎದ್ದು, ಕೈ ತೊಳೆದುಕೊಂಡು, ಸ್ಕೂಟರಿನ ಹಿಂದೆ ಬಂದು ಕೂತ. ಇರ್ವಿನ್ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗಲೂ ಬೈದೆ, ರೈಲ್ವೆ ಸ್ಟೇಷನ್ ದಾಟುವಾಗಲೂ ಬೈದೆ. ನಿನ್ನ ನಂಬಿ ಕೆಟ್ಟೆ ಎಂದೆ. ಅಪ್ಪ ಇದ್ದಿದ್ದರೆ ಇವತ್ತು ಹಣೆ ಚಚ್ಚಿಕೊಳ್ಳುತ್ತಿದ್ದ ಎಂದೂ ಅಂದೆ. ಹೆಲ್ಮೆಟ್ಟಿನೊಳಗಿಂದ ಅವನಿಗೆ ಎಷ್ಟು ಕೇಳಿಸಿತೋ. ಕೊನೆಯದು ಕೇಳಿಸಿರಬೇಕು, ಏಕೆಂದರೆ ನನ್ನ ಭುಜದ ಮೇಲಿದ್ದ ಕೈಯನ್ನು ಅವನು ತೆಗೆದುಬಿಟ್ಟ.

ಗೇಟಿನೊಳಗೆ ಕಾಲಿಟ್ಟಾಗ ನೀರೇನೂ ಹರಿದು ಬರುತ್ತಿರಲಿಲ್ಲ. ಮೆಟ್ಟಿಲು ಹತ್ತಿದೆವು. ಮೆಟ್ಟಿಲೂ ಒಣಗಿತ್ತು. ಮಾಳಿಗೆಯ ಶಾಮಿಯಾನದ ಕೆಳಗೆ ಮೊದಲ ಪಂಕ್ತಿಯವರು ಉಂಡು ಮುಗಿಸಿ, ಎಂಜಲು ಕೈಯನ್ನು ಎದೆಯ ಮುಂದೆ ಎತ್ತಿ ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ರೇಷ್ಮೆ ಸೀರೆ, ರೇಷ್ಮೆ ಪಂಚೆ, ಸಾಂಬಾರು ಮೆತ್ತಿದ ಕೈಗಳು. ಎಲ್ಲರೂ ನನ್ನನ್ನೇ ನೋಡಿದರು.

ಸುಚಿತ್ರಾ ಎದುರಿಗೆ ಬಂದಳು. "ಏನ್ ಬೀರೇಶ್ ಇದು? ಒಂದು ತೊಟ್ಟು ನೀರಿಲ್ಲ. ಮೋಟರ್ ಆಫ್ ಆಗಿದೆ ಅಂತ ನಮ್ಮ ಚಿಕ್ಕಪ್ಪ ನೋಡಿ ಹಾಕೋಕೆ ಹೋದ್ರೆ, ಬೀರೇಶ್ ಮುಟ್ಟಬೇಡ ಅಂದಿದ್ದಾನೆ ಅಂತ ಅಮ್ಮ ಅಡ್ಡ ನಿಂತ್ಕೊಂಡ್ರು. ಇದ್ದ ಸ್ವಲ್ಪ ನೀರಿಗೂ ವಾಲ್ವ್ ಮುಚ್ಚಿಸಿದ್ದೀರಿ!"

"ನೀರಿಲ್ವಾ?" ಎಂದೆ. "ನೀರು ಹೆಚ್ಚಿದೆ ಅಂದ್ರಲ್ಲ ಅಮ್ಮಾವ್ರು?"

ಅಷ್ಟು ಹೊತ್ತಿಗೆ ಗಿರಿಜಾಂಬಾ ಅವರೂ ಬಂದರು. "ಹೂಂ ಕಣಪ್ಪ, ಹೆಚ್ಚಿದೆ ಅಂತಲೇ ಅಂದೆ. ಗೃಹಪ್ರವೇಶದ ದಿನ, ಗಂಗೆ ಪೂಜೆ ಮಾಡಿದ ಮನೇಲಿ, ನೀರು ಆ... ಆ ಇನ್ನೊಂದು ಮಾತು ಬಾಯಲ್ಲಿ ಹೇಗೆ ಆಡೋದು? ಅಕ್ಕಿ ಮುಗಿದ್ರೆ ಅಕ್ಕಿ ಹೆಚ್ಚಿದೆ ಅನ್ನಲ್ವಾ, ಹಾಗೆ."

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಶಾಮಿಯಾನವೇ ನಗತೊಡಗಿತು. ನಗುವಿಗೆ ಮಾತ್ರ ಎಂಜಲು ಕೈ ಅಡ್ಡ ಬರಲಿಲ್ಲ.

ನಗುವವರಿಗೇನು. ನಮ್ಮವ್ವ ಇವತ್ತಿಗೂ ಡಬ್ಬ ಬರಿದಾದರೆ "ಅಕ್ಕಿ ಹೆಚ್ಚೈತೆ ಕಣ್ಲಾ" ಎಂದೇ ಅನ್ನುವುದು, ನಾನು ಮರುಮಾತಿಲ್ಲದೆ ಅಂಗಡಿಗೆ ಹೋಗುವುದು. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತಾಳೆ. ಅಂಥ ಮನೆಯಲ್ಲಿ ಹುಟ್ಟಿದ ನನಗೆ ಅಕ್ಕಿ ಹೆಚ್ಚಿದರೆ ಅರ್ಥವಾಗುತ್ತದೆ, ನೀರು ಹೆಚ್ಚಿದರೆ ಆಗುವುದಿಲ್ಲ. ನೀರು ಹೆಚ್ಚಿದೆ ಎಂಬುದನ್ನು ನಿಜವಾಗಿಯೂ ನೀರು ಹೆಚ್ಚಿದೆ ಎಂದು ತಿಳಿಯುವವನು ಪ್ರಪಂಚದಲ್ಲಿ ಪ್ಲಂಬರ್ ಒಬ್ಬನೇ. ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿಯಬೇಕೆಂದು ಮಾತ್ರ ತಿಳಿಯಲಿಲ್ಲ.

ಆದದ್ದು ಇಷ್ಟೇ. ಸೀರಿಯಲ್ ಲೈಟಿನವನು ಮೋಟರಿನ ಪ್ಲಗ್ಗು ಕಿತ್ತು, ಆ ಜಾಗದಲ್ಲಿ ತನ್ನ ಬಣ್ಣದ ದೀಪ ಸಿಕ್ಕಿಸಿದ್ದ. ಹಾಡುಹಗಲು ದೀಪ ಮಿಣಮಿಣ ಅನ್ನುತ್ತಿತ್ತು, ಟ್ಯಾಂಕು ಬರಿದಾಗಿತ್ತು. ನಾನು ಪ್ಲಗ್ಗು ಬದಲಿಸಿ ಮೋಟರ್ ಹಾಕಿದೆ, ಸಣ್ಣಯ್ಯ ಮೇಲೆ ಹತ್ತಿ ವಾಲ್ವ್ ತೆಗೆದ. ಸ್ವಲ್ಪ ಹೊತ್ತಿಗೆಲ್ಲ ನಲ್ಲಿಗಳು ಗೊರಗೊರ ಕೆಮ್ಮಿ ನೀರು ಬಿಟ್ಟವು. ಲೈಟಿನವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವನು ಎರಡನೇ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಸುಚಿತ್ರಾಳ ಚಿಕ್ಕಪ್ಪ ಮಾತ್ರ ಕೈ ಒರೆಸಿಕೊಳ್ಳುತ್ತ ನನ್ನ ಬಳಿ ಬಂದು, "ಅಲ್ಲಯ್ಯ, ಸೋಲಾರ್ ತುಂಬ ಬಿಸಿನೀರಿದೆ ಅಂತೀಯ, ಅದಾದ್ರೂ ಬರಬಾರದಿತ್ತಾ? ಪೈಪಿಂಗೇ ಸರಿ ಇಲ್ಲ ಬಿಡು" ಎಂದರು. ತಣ್ಣೀರು ಮೇಲಿಂದ ತಳ್ಳಿದರೆ ತಾನೇ ಸೋಲಾರಿನ ಬಿಸಿನೀರು ಕೆಳಗಿಳಿಯುವುದು, ಸ್ವಾಮೀ? ಹೇಳಲಿಲ್ಲ. ಹೇಳಿ ಏನು ಪ್ರಯೋಜನ.

ನಾವು ಕಡೆಯ ಪಂಕ್ತಿಯಲ್ಲಿ ಕೂತೆವು. ಸಣ್ಣಯ್ಯ ನೆಲದ ಮೇಲೆ ಕೂರಲಾಗದೆ ಒಂದು ಸ್ಟೂಲು ತರಿಸಿಕೊಂಡು, ಎಲೆಯನ್ನು ತಟ್ಟೆಯಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡ. ಚಿತ್ರಾನ್ನ ಬಂತು, ಹುಳಿ ಬಂತು, ಹೋಳಿಗೆ ಬಂತು. ತಪ್ಪಾಯ್ತು ಎನ್ನಲು ನಾಲಗೆ ಏಳಲಿಲ್ಲ. ನಮ್ಮ ಕಡೆ ಗಂಡಸರು ಹಿರಿಯರ ಹತ್ತಿರ ಹಾಗೆ ನೇರವಾಗಿ ಅನ್ನುವುದಿಲ್ಲ, ಇನ್ನೊಂದು ಹೋಳಿಗೆ ಹಾಕಿಸುತ್ತಾರೆ. ನಾನೂ ಹಾಕಿಸಿದೆ.

"ಸಾಕು ಕಣಪ್ಪ" ಎಂದ.

"ಹಾಸ್ಟೆಲ್ ಕೆಲಸ ಸೋಮವಾರ ಶುರು ಸಣ್ಣಣ್ಣ. ನೀನು ಬಗ್ಗೋದೇ ಬ್ಯಾಡ. ನಿಂತ್ಕೊಂಡು ಯೋಳು, ನಾನು ಮಾಡ್ತೀನಿ."

ಅವನು ಮಜ್ಜಿಗೆ ಕುಡಿಯುತ್ತಿದ್ದ. ಕುಡಿದು ಮುಗಿಸಿದ. ಎಲೆ ಮಡಿಸಿ ಎದ್ದ.

ಊಟವಾದ ಮೇಲೆ ಗಿರಿಜಾಂಬಾ ಅವರು ಕೆಲಸದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಪಂಚೆ, ಎಲೆ ಅಡಿಕೆ, ತೆಂಗಿನಕಾಯಿ ಕೊಟ್ಟರು. ಮೇಸ್ತ್ರಿ, ಬಡಗಿ, ಟೈಲ್ಸಿನವನು, ಬಣ್ಣದವನು. ನಮ್ಮ ಸರದಿ ಬಂದಾಗ, "ಇವತ್ತು ನಿಮ್ಮಿಬ್ಬರಿಗೂ ನನ್ನಿಂದ ತೊಂದರೆಯಾಯ್ತು, ಮನಸ್ಸಲ್ಲಿ ಇಟ್ಕೋಬೇಡಿ" ಎಂದರು. ಸಣ್ಣಯ್ಯ ಬಗ್ಗಿ ನಮಸ್ಕಾರ ಮಾಡಿ, ಪಂಚೆಯನ್ನು ಕಣ್ಣಿಗೊತ್ತಿಕೊಂಡ. ಒಬ್ಬರಾದರೂ ಅವನ ಹತ್ತಿರ ಆ ಮಾತು ಆಡಿದರಲ್ಲ ಎಂದು ನನಗೆ ಸಮಾಧಾನವಾಯಿತು. ಆಡಬೇಕಾಗಿದ್ದವನು ನಾನು.

ಗೇಟಿನ ಹತ್ತಿರ ಸ್ಕೂಟರ್ ತಿರುಗಿಸಿದೆ. "ಹತ್ತು ಸಣ್ಣಣ್ಣ, ಮನೇತಾವ ಬುಡ್ತೀನಿ."

ಅವನು ಹತ್ತಲಿಲ್ಲ. ತೆಂಗಿನಕಾಯಿಯನ್ನು ಪಂಚೆಯೊಳಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಸಿಟ್ಟಿರಲಿಲ್ಲ ಮುಖದಲ್ಲಿ. ಸಿಟ್ಟಿದ್ದಿದ್ದರೆ ನನಗೆ ಧೈರ್ಯ ಇರುತ್ತಿತ್ತು, ಸಿಟ್ಟು ಇಳಿಯುತ್ತದೆ.

"ನಡ್ಕೊಂಡೇ ಓಯ್ತೀನಿ ಬೀರೇಸಪ್ಪ" ಎಂದ. ಆಮೇಲೆ ಮತ್ತೊಮ್ಮೆ, ನಿಧಾನವಾಗಿ, "ನಾನು ಓಯ್ತೀನಿ" ಎಂದ.

ಹೋಗಿಬರುತ್ತೇನೆ ಎನ್ನಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಂಜೆಯೂ ಅವನು ನನಗೆ ಬರೀ "ಓಯ್ತೀನಿ" ಅಂದವನಲ್ಲ. ಜಗಳವಾಡಿಕೊಂಡು ಹೋದ ದಿನಗಳಲ್ಲೂ "ಬತ್ತೀನಿ ಕಣಪ್ಪ" ಎಂದೇ ಚಪ್ಪಲಿ ಮೆಟ್ಟುತ್ತಿದ್ದ.

"ಬತ್ತೀನಿ ಅನ್ನು ಸಣ್ಣಣ್ಣ" ಎಂದೆ.

"ಬತ್ತೀನಿ ಅಂದ್ರೆ ಬರ್ಬೇಕಾಯ್ತದೆ ಕಣಪ್ಪ" ಎಂದು ನಡೆದುಬಿಟ್ಟ.

ಕಾಲು ಎಳೆದುಕೊಂಡು ಅವನು ತಿರುವಿನವರೆಗೂ ಹೋಗುವುದನ್ನು ನೋಡುತ್ತ ನಿಂತೆ. ಹಿಂದೆ ಗಿರಿಜಾಂಬಾ ಅವರು ಎಲೆ ಅಡಿಕೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದರು.

"ನಿಮ್ಮ ಸಣ್ಣಯ್ಯ ಎಲ್ಲಪ್ಪ? ಹಾಗೇ ಹೊರಟುಬಿಟ್ಟರಾ?"

ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಇನ್ನೂ ಹಸಿರಾಗಿತ್ತು. ಶುಭದ ಮನೆ.

"ಇಲ್ಲಮ್ಮ, ಬತ್ತೀನಿ ಅಂತ ಯೋಳೇ ಹೋದ್ರು" ಎಂದೆ.