ಬೆಕ್ಕು ಸಿಸ್ಟರ್

ಅಕ್ಕನ ಮಂಡಿಯ ಮೇಲೆ ಕೈಯಿಟ್ಟು ತಮ್ಮ ಮೆಲ್ಲಗೆ ಒತ್ತಿದ. ಕಾಲು ಜಗ್ಗಲಿಲ್ಲ. ನಿದ್ದೆಯಲ್ಲೇ ತೀರಿಹೋದವಳು ಮಗ್ಗುಲಾಗಿ, ಮಂಡಿಯನ್ನು ಎದೆಯತ್ತ ಮಡಚಿಕೊಂಡಿದ್ದಳು. ಹಾಲಿನವನು ಬಾಗಿಲು ಬಡಿದು ಬಡಿದು ಸಾಕಾಗಿ ಪಕ್ಕದ ಮನೆಗೆ ಹೇಳುವ ಹೊತ್ತಿಗೆ ಮೈ ಸೆಟೆದುಹೋಗಿತ್ತು.

“ನಾಳೆವರೆಗೆ ಕಾದ್ರೆ ತಾನಾಗೇ ಸಡಿಲ ಆಗತ್ತೆ,” ಎಂದ ಶವಪೆಟ್ಟಿಗೆ ತಂದವನು. “ಇವತ್ತೇ ಮುಗೀಬೇಕು ಅಂದ್ರೆ ಬಲ ಹಾಕಿ ಬಿಡಿಸ್ಬೇಕು. ಸ್ವಲ್ಪ ಸದ್ದು ಬರತ್ತೆ. ನೀವು ಆಚೆ ಇರಿ.”

ತಮ್ಮನಿಗೆ ಇವತ್ತೇ ಮುಗಿಯಬೇಕಿತ್ತು. ಸಂಜೆಯ ರೈಲಿಗೆ ಟಿಕೆಟ್ ಮಾಡಿಸಿಕೊಂಡೇ ಬಂದಿದ್ದ. ನಾಲ್ಕು ಜನರೆದುರು ಹೀಗೆ ಮುದುರಿಕೊಂಡು ಹೋಗುವುದು ಚೆಂದವಲ್ಲ ಎಂದೂ ಅವನಿಗನ್ನಿಸಿತ್ತು. ನಾಲ್ಕು ಜನವೆಲ್ಲಿ ಬಂತು, ಅಲ್ಲಿದ್ದದ್ದು ಪಕ್ಕದ ಮನೆಯಾಕೆ, ಮತ್ತೆ ಆಕೆ ಫೋನು ಮಾಡಿ ಕರೆಸಿದ, ಅವನು ಎಂದೂ ನೋಡಿರದ ಒಬ್ಬ ಹೆಂಗಸು.

“ನನ್ನನ್ನೂ ಹೀಗೇ ಆಚೆ ಕಳಿಸಿದ್ರು,” ಎಂದಳು ಆ ಹೆಂಗಸು. “ಬೇಡಪ್ಪ, ಅವರನ್ನ ಹಾಗೇ ಬಿಟ್ಬಿಡಿ.”

“ನೀವು ಯಾರು ಅಂತ ಗೊತ್ತಾಗ್ಲಿಲ್ಲ.”

“ನನ್ನ ಮಗಳು ಇವರು ನರ್ಸಾಗಿದ್ದ ವಾರ್ಡಿನಲ್ಲಿದ್ಲು.”

*

ಮಗಳಿಗೆ ಆಗ ಐದು ವರ್ಷ. ತಲೆಯೊಳಗಿನ ಗಡ್ಡೆಯನ್ನು ತೆಗೆದಾಗಿತ್ತು. ಆದರೆ ಮೆದುಳಿನ ಸುತ್ತ ಇರುವ ನೀರು ಬೆನ್ನಿನವರೆಗೂ ಇಳಿಯುತ್ತದೆ, ಗಡ್ಡೆಯ ಕಣಗಳೂ ಅದರ ಜೊತೆ ಇಳಿದಿರಬಹುದು, ಸೊಂಟಕ್ಕೆ ಸೂಜಿ ಹಾಕಿ ಆ ನೀರು ತೆಗೆದು ನೋಡಬೇಕು ಎಂದರು ಡಾಕ್ಟರು. ಅದಕ್ಕೆ ಮಗು ಮುದುರಿಕೊಂಡು, ಅಲುಗಾಡದೆ ಮಲಗಬೇಕು. ಮಗು ರಚ್ಚೆ ಹಿಡಿಯಿತು. ತಾಯಿಯನ್ನು ಆಚೆ ಕಳಿಸಿದರು.

ಬಾಗಿಲ ಗಾಜಿನಲ್ಲಿ ತಾಯಿ ಇಣುಕಿದಳು. ನರ್ಸು ಚಪ್ಪಲಿ ಬಿಟ್ಟು, ಮಂಚ ಹತ್ತಿ, ಮಗುವಿಗೆ ಎದುರಾಗಿ ಮಂಡಿ ಮಡಚಿ ಮಲಗಿಯೇಬಿಟ್ಟಳು.

“ನಾನು ದೊಡ್ಡ ಬೆಕ್ಕು, ನೀನು ಮರಿ. ಯಾರು ಮೊದಲು ಅಲ್ಲಾಡ್ತಾರೋ ಅವರು ಸೋತ ಹಾಗೆ.”

“ಸಿಸ್ಟರ್, ನೀವು ಬಂದಿರೋದು ಕೆಲಸಕ್ಕೋ ನಿದ್ದೆಗೋ?” ಎಂದು ಡಾಕ್ಟರು ಗೊಣಗಿದರು. ಸೂಜಿ ಮಾತ್ರ ಒಂದೇ ಸಲಕ್ಕೆ ಹೋಯಿತು. ಅಂದಿನಿಂದ ವಾರ್ಡಿಗೆಲ್ಲ ಅವಳು ಬೆಕ್ಕು ಸಿಸ್ಟರ್.

*

“ಆಮೇಲೆ?” ಎಂದ ತಮ್ಮ.

“ಬೆನ್ನಿಗೆಲ್ಲ ಹಬ್ಬಿತ್ತು. ಉಳೀಲಿಲ್ಲ. ಕೊನೆಗೆ ಸೂಜಿ ಎಲ್ಲ ನಿಲ್ಸಿದ್ರು. ಆದ್ರೂ ಇವರು ಡ್ಯೂಟಿ ಮುಗಿಸಿ ಬಂದು ಅವಳೆದುರು ಮಲಗೋರು. ಮನೇಲಿ ಯಾರೂ ಕಾಯ್ತಾ ಇರಲ್ವಾ ಅಂತ ಕೇಳಿದ್ರೆ ನಗೋರು ಅಷ್ಟೆ.”

ಅಕ್ಕ ಒಂಟಿ ಎಂದು ತಮ್ಮನಿಗೆ ಗೊತ್ತಿತ್ತು. ಎಷ್ಟು ಒಂಟಿ ಎಂದು ಯಾವತ್ತೂ ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

“ಇದಕ್ಕಿಂತ ಅಗಲದ ಪೆಟ್ಟಿಗೆ ಸಿಗತ್ತಾ?”

“ಸಿಗತ್ತೆ. ತರೋದ್ರಲ್ಲಿ ಸಂಜೆ ಆಗತ್ತೆ. ನಿಮ್ಮ ರೈಲು...”

“ಹೋದ್ರೆ ಹೋಗ್ಲಿ.”

ಪೆಟ್ಟಿಗೆ ಬಂತು. ಎಲ್ಲರೂ ಸೇರಿ ಅವಳನ್ನು ಮಲಗಿದ್ದ ಹಾಗೆಯೇ ಎತ್ತಿ ಒಳಗಿಟ್ಟರು. ಬೆನ್ನು ಒಂದು ಬದಿಯ ಹಲಗೆಗೆ ತಾಗಿತು. ಅವಳೆದುರು, ಆಚೆ ಬದಿಯ ಹಲಗೆಯವರೆಗೆ, ಒಂದು ಮಗು ಮುದುರಿ ಮಲಗುವಷ್ಟು ಜಾಗ ಖಾಲಿ ಉಳಿಯಿತು.